ತೊಗಲ ವಾಷರಿನ ಪರವಾಗಿ

ಏರ್‌ಗನ್ನಿನ ಜೋರು ಇಳಿದರೆ ಮನೆಯಲ್ಲೇ ಬಿಚ್ಚಿ ವಾಷರ್ ಹಾಕಿಕೊಳ್ಳುವ ರೂಢಿ ಬಾಗಲಕೋಟೆ ಜಿಲ್ಲೆಯ ಸಮೀರವಾಡಿ, ಮಹಾಲಿಂಗಪುರದ ಕಡೆಗೆ ಚೆನ್ನಾಗಿ ಒಗ್ಗುವಂಥದ್ದು. ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಪಂಪು, ವಾಲ್ವು, ಗ್ಲ್ಯಾಂಡ್ ಪ್ಯಾಕಿಂಗ್ ದಿನದ ಮಾತು. ಫಿಟ್ಟರ್ ಕೆಲಸ ಬಲ್ಲವರು ಓಣಿಗೊಬ್ಬರು ಸಿಗುತ್ತಾರೆ. ಜಾತ್ರೆಗಳಲ್ಲಿ ಫುಗ್ಗಾ ಹೊಡೆಸುವವರ ಬಂದೂಕುಗಳು ಉಳಿದು ಬರುವುದೂ ಇಂಥವರ ಕೈಗುಣದಿಂದಲೇ. ಈ ರೂಢಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದಕ್ಕೆ ಅಂಟಿಕೊಂಡ ಒಂದು ಹಂಬಲವನ್ನು ಮಾತ್ರ ಒಪ್ಪಲಾರೆ: ರಿಪೇರಿಯಾದ ಮೇಲೆ ಬಂದೂಕು ಹೊಸದರಲ್ಲಿ ಇದ್ದುದಕ್ಕಿಂತ ಜೋರಾಗಿ ಹೊಡೆಯಬೇಕು ಎಂಬುದು.

ಹಳೆಯ ಬಂದೂಕುಗಳಲ್ಲಿ ಹೆಚ್ಚಿನವು ನಳಿಕೆ ಬಗ್ಗಿಸಿ ಕಾಕ್ ಮಾಡುವ ಸ್ಪ್ರಿಂಗಿನವು. ಜರ್ಮನಿಯ ಡಯಾನಾ 35ರ ಮಾದರಿ ನೋಡಿ ಮಾಡಿದವು ಇವುಗಳಲ್ಲಿ ಅನೇಕ. ಟ್ರಿಗರ್ ಎಳೆದೊಡನೆ ಪಿಸ್ಟನ್ ಮುನ್ನುಗ್ಗಿ, ಸಿಲಿಂಡರಿನ ಗಾಳಿಯನ್ನು ಸಣ್ಣದೊಂದು ತೂತಿನಿಂದ ಛರ್ರೆಯ (ಪುಟ್ಟ ಗುಂಡಿನ) ಬೆನ್ನಿಗೆ ನೂಕುತ್ತದೆ. ಗಾಳಿ ಸೋರುವುದು ಮುಖ್ಯವಾಗಿ ಎರಡು ಕಡೆ. ಒಂದು ಪಿಸ್ಟನ್ ತಲೆಯ ವಾಷರ್, ಇನ್ನೊಂದು ನಳಿಕೆ ಬಂದು ಕೂಡುವ ಬಾಯಿಯ ಸೀಲ್. ಎರಡನೆಯದನ್ನು ನೋಡದೆಯೇ ಇಡೀ ಬಂದೂಕನ್ನು ಬಿಚ್ಚಿ ಹರವುವುದು ಮನೆ ರಿಪೇರಿಯ ದೊಡ್ಡ ದೋಷ. ನಳಿಕೆ ಕೂಡಿದ ಗೆರೆಯ ಮೇಲೆ ತೆಳು ಕಾಗದದ ಚೂರೊಂದನ್ನಿಟ್ಟು, ಛರ್ರೆ ಹಾಕಿ ಗುರಿಗೆ ಹೊಡೆದು ನೋಡಿ. ಕಾಗದ ಹಾರಿದರೆ ಸೋರಿಕೆ ಅಲ್ಲಿಯೇ. ಒಂದು ಚಿಕ್ಕ ಸೀಲಿನಿಂದ ಮುಗಿಯುವ ಕೆಲಸಕ್ಕೆ ಸ್ಪ್ರಿಂಗ್ ಮುಟ್ಟುವ ಅಗತ್ಯವೇ ಇರುವುದಿಲ್ಲ.

ಮುಟ್ಟಲೇಬೇಕಾದರೆ ಒಂದು ಮಾತು. ಕಾಕ್ ಮಾಡದೆ ಇದ್ದಾಗಲೂ ಆ ಸ್ಪ್ರಿಂಗ್ ಅದುಮಿಕೊಂಡೇ ಕೂತಿರುತ್ತದೆ. ಹಿಂದಿನ ಪಿನ್ನು ತಟ್ಟಿ ತೆಗೆದ ಕ್ಷಣ ಅದು ಎದೆಗೋ ಕಣ್ಣಿಗೋ ಹಾರಬಹುದು. ಉದ್ದನೆಯ ಕ್ಲ್ಯಾಂಪಿನಲ್ಲಿ ಹಿಡಿದು ನಿಧಾನಕ್ಕೆ ಸಡಿಲಿಸದೆ, ಮೊಣಕಾಲಿಗೆ ಆನಿಸಿ ಬಿಚ್ಚುವುದನ್ನು ಧೈರ್ಯವೆಂದು ಹೊಗಳುವವರಿದ್ದಾರೆ. ಅದನ್ನು ನಾನು ಕಸುಬಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಕೆಲಸದ ನಿಜವಾದ ಸೊಗಸಿರುವುದು ತೊಗಲಿನಲ್ಲಿ. ಹಳೆಯ ವಾಷರ್ ಹೊರತೆಗೆದಾಗ ಅದು ಒಣಗಿ, ಕರ್ರಗಾಗಿ, ಅಂಚು ಒಳಮುದುಡಿ ನಾಣ್ಯದಂತೆ ಗಟ್ಟಿಯಾಗಿರುತ್ತದೆ. ಹೊಸದಕ್ಕೆ ಬೇಕಾದದ್ದು ಗಿಡದ ತೊಗಟೆ, ಕಾಯಿಗಳಲ್ಲಿ ಹದ ಮಾಡಿದ ತೊಗಲು. ಒದ್ದೆಯಾದಾಗ ಮಣಿದು, ಒಣಗಿದಾಗ ಕೊಟ್ಟ ಆಕಾರ ಹಿಡಿದು ನಿಲ್ಲುವುದು ಅದರ ಗುಣ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾಗುವ ಕೊಲ್ಹಾಪುರಿ ಚಪ್ಪಲಿಯ ತೊಗಲು ಈ ಜಾತಿಯದೇ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ವಿಜಯಪುರ ಮತ್ತು ನಮ್ಮ ಬಾಗಲಕೋಟೆಯೂ ಸೇರಿದವು. ಬಂದೂಕಿಗೆ ಬೇಕಾದ ಸಾಮಾನು ಇಲ್ಲಿಯ ಚಪ್ಪಲಿ ಹೊಲಿಯುವವರ ಹತ್ತಿರವೇ ಇದೆ ಎಂಬುದು ನನಗೆ ಹೆಮ್ಮೆಯ ಸಂಗತಿ. ತುಂಡನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಬೇಕು; ಕುದಿನೀರಾದರೆ ತೊಗಲು ಸುಕ್ಕುಗಟ್ಟುತ್ತದೆ. ಪೈಪಿನ ತುಂಡು, ಬೋಲ್ಟು, ನಟ್ಟುಗಳ ಅಚ್ಚಿನಲ್ಲಿ ಬಿಗಿದು ಬಟ್ಟಲಾಗಿಸಿ ನೆರಳಲ್ಲಿ ಒಣಗಿಸಬೇಕು. ಆಮೇಲೆ ಅಂಚನ್ನು ಚೂಪಾದ ಬ್ಲೇಡಿನಿಂದ ಸಮ ಮಾಡಿ, ಎಣ್ಣೆ ಕುಡಿಸಿ, ಮೇಲಿನದನ್ನೆಲ್ಲ ಒರೆಸಿ ತೆಗೆಯಬೇಕು. ಗಾಳಿಯ ಒತ್ತಡ ಬಿದ್ದಂತೆ ಬಟ್ಟಲಿನ ಅಂಚು ತಾನಾಗಿ ಅರಳಿ ಸಿಲಿಂಡರಿನ ಗೋಡೆಗೆ ಅಂಟುತ್ತದೆ. ಗೋಡೆ ತುಸು ಒರಟಾಗಿದ್ದರೂ ತೊಗಲು ಅದಕ್ಕೆ ಹೊಂದಿಕೊಳ್ಳುತ್ತದೆ.

ಸಿಂಥೆಟಿಕ್ ಸೀಲ್ ಸಾಕಲ್ಲ ಎನ್ನುವವರಿಗೆ ಒಂದು ಉತ್ತರವಿದೆ. ಸರ್ಕಾರಿ ಕೈಪಂಪುಗಳಲ್ಲೂ ಮೊದಲು ತೊಗಲ ವಾಷರೇ ಇತ್ತು, ಆಮೇಲೆ ನೈಟ್ರೈಲ್ ರಬ್ಬರ್ ಬಂತು. ಇಡೀ ಊರು ದಿನವೆಲ್ಲ ಜಗ್ಗುವ ಪಂಪಿಗೆ ಅದು ಸರಿಯಾದ ಬದಲಾವಣೆ. ಆ ಸೀಲಿಗೆಂದೇ ನಯವಾಗಿ ಕೊರೆದ ಹೊಸ ಏರ್‌ಗನ್ನಿಗೂ ಸರಿ. ತೊಗಲಿಗೆಂದೇ ಮಾಡಿದ ಹಳೆಯ ಸಿಲಿಂಡರಿಗೆ ಅಂದಾಜಿನ ಅಳತೆಯ ಪ್ಲಾಸ್ಟಿಕ್ ತುರುಕಿದರೆ, ಕೂರಿಸುವಾಗಲೇ ಕಾಕ್ ಮಾಡುವ ಸಲಾಕೆ ಓಡಾಡುವ ಕಂಡಿಯ ಅಂಚಿಗೆ ತಾಗಿ ಅದರ ತುಟಿ ಹರಿಯುತ್ತದೆ.

ಇನ್ನು ಹೊಸದಕ್ಕಿಂತ ಜೋರು ಬೇಕೆಂಬ ಆ ಹಂಬಲ. “ಅಣ್ಣಾ, ಇನ್ನೊಂದು ಹನಿ ಎಣ್ಣಿ ಬಿಡ್ರಿ, ಜೋರ್ ಹೋಗ್ತೈತಿ” ಎನ್ನುತ್ತಾರಲ್ಲ, ಅದು ಸುಳ್ಳೇನಲ್ಲ. ಏರ್‌ಗನ್ನುಗಳ ಮೇಲೆ ಪ್ರಯೋಗ ನಡೆಸಿದ ಇಂಗ್ಲೆಂಡಿನ ಕಾರ್ಡ್ಯೂ ತಂದೆ-ಮಗ ಇಂಥ ಬಂದೂಕನ್ನು ಗಾಳಿಯ ಬದಲು, ಎಣ್ಣೆ ಉರಿಯಲು ಬಿಡದ ನೈಟ್ರೋಜನ್ನಿನಲ್ಲಿ ಹೊಡೆದು ನೋಡಿದಾಗ ಛರ್ರೆಯ ವೇಗ ಬಹಳ ಇಳಿಯಿತು. ಒತ್ತಡದ ಕಾವಿಗೆ ಎಣ್ಣೆ ಒಂದಿಷ್ಟು ಉರಿಯುವುದು ಈ ಯಂತ್ರದ ಸಹಜ ಕ್ರಿಯೆ ಎಂದಾಯಿತು. ಅತಿಯಾದಾಗ ಮಾತ್ರ ಢಮ್ಮೆಂಬ ಸದ್ದು, ಹೊಗೆ, ಸುಟ್ಟ ವಾಸನೆ. ಹೊಡೆತದಿಂದ ಹೊಡೆತಕ್ಕೆ ವೇಗ ಬದಲಾಗುತ್ತದೆ, ವಾಷರ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಹಾಗೆ ಬಂದ ಜೋರಿನಿಂದ ಗುರಿಗಂತೂ ಲಾಭವಿಲ್ಲ.

ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ನೋಡಿ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಆ ಸ್ಪರ್ಧೆಯ ರೈಫಲುಗಳ ಛರ್ರೆ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದ್ದು; ಗುರಿಯ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಜೋರಿಗೆ ಕಾನೂನಿನ ಎಲ್ಲೆಯೂ ಇದೆ. ಅರ್ಧ ಗ್ರಾಂ ಛರ್ರೆ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ 10 ಜೂಲ್ ಆಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಹೊಡೆತ 20 ಜೂಲ್ ಇಲ್ಲವೇ ನಳಿಕೆಯ ತೂತು 4.5 ಮಿಲಿಮೀಟರ್ ದಾಟಿದರೆ ಲೈಸೆನ್ಸ್ ಬೇಕು. ಜೋರನ್ನು ಬೆನ್ನಟ್ಟುವವರ ಕಣ್ಣು ಬಹಳ ಸಲ ಗಿಳಿ, ಕೌಜುಗಗಳ ಮೇಲಿರುತ್ತದೆ. ಅವನ್ನು ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿ ವನ್ಯಧಾಮ ಉಳಿಸಿಕೊಂಡ ಸೀಮೆಗೆ ಅದು ಒಪ್ಪುವುದೂ ಇಲ್ಲ.

ಹಾಗಾಗಿ ರಿಪೇರಿ ಚೆನ್ನಾಗಿದೆಯೇ ಎಂದು ನೋಡಲು ನಾನು ತಗಡು ತೂತು ಮಾಡುವುದಿಲ್ಲ. ಹಿಂದೆ ಗಟ್ಟಿ ಗೋಡೆಯಿರುವ ಕಡೆ, ಕಣ್ಣಿಗೆ ಕನ್ನಡಕ ಹಾಕಿ, ಹತ್ತು ಮೀಟರಿನಿಂದ ಒಂದೇ ಡಬ್ಬಿಯ ಐದು ಛರ್ರೆ ಹೊಡೆಯುತ್ತೇನೆ. ಐದೂ ಒತ್ತಟ್ಟಿಗೆ ಬಿದ್ದರೆ ವಾಷರ್ ಕೂತಿದೆ. ಛರ್ರೆಯಿಲ್ಲದೆ ಖಾಲಿ ಹೊಡೆಯಬಾರದು. ತಡೆಯುವ ಗಾಳಿಯಿಲ್ಲದೆ ಪಿಸ್ಟನ್ ಮುಂದಿನ ಗೋಡೆಗೆ ಬಡಿದು ಹೊಸ ತೊಗಲನ್ನೇ ಜಜ್ಜುತ್ತದೆ. ಸಿಲಿಂಡರಿನಲ್ಲಿ 200 ಬಾರ್ ಗಾಳಿ ತುಂಬಿಕೊಳ್ಳುವ ಇಂದಿನ ಸ್ಪರ್ಧೆಯ ರೈಫಲುಗಳಿಗೆ ಈ ಮನೆಮದ್ದು ಯಾವುದೂ ಸಲ್ಲದು. ಅವುಗಳ ಸೀಲ್ ಬದಲಿಸುವುದು ಕಂಪನಿಯ ತರಬೇತಿ ಪಡೆದವರಿಗೆ ಬಿಟ್ಟ ಕೆಲಸ.