ಚಕ್ರತಾಳ ಕೆಡಿಸುವ ಉಳಿತಾಯ

ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿಕೊಂಡವರ ನಡುವೆ ಒಂದು ಸಲಹೆ ಬಹುಕಾಲದಿಂದ ಓಡಾಡುತ್ತಿದೆ. ಹಾಡು ಹಾಕಿದೊಡನೆ ಸದ್ದು ನಿಭಾಯಿಸುವ ತಂತ್ರಾಂಶವಾದ ಪಲ್ಸ್‌ಆಡಿಯೋ ಪ್ರೊಸೆಸರನ್ನು ತಿನ್ನತೊಡಗಿದರೆ, ಅದರ ರೀಸ್ಯಾಂಪ್ಲಿಂಗ್ ವಿಧಾನವನ್ನು ‘ಟ್ರಿವಿಯಲ್’ ಅಥವಾ ‘ಲೀನಿಯರ್’ ಮಾಡಿಬಿಡಿ ಎಂದು. ಹೊರೆ ಇಳಿಯುವುದೇನೋ ನಿಜ. ಸಲಹೆ ಮಾತ್ರ ಕೆಟ್ಟದ್ದು. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳಲ್ಲಿ ಊರಿನ ಯಕ್ಷಗಾನದ ಕ್ಯಾಸೆಟ್ಟು, ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಳುವ ಕನ್ನಡಿಗರಿಗಂತೂ ಇನ್ನೂ ಕೆಟ್ಟದ್ದು.

ಹೊರೆಯ ಮೂಲ ಹಳೆಯದು. 1982ರಲ್ಲಿ ಬಂದ ಸಿ.ಡಿ. ಸೆಕೆಂಡಿಗೆ 44,100 ಮಾದರಿಗಳ (ಸ್ಯಾಂಪಲ್) ಲೆಕ್ಕ ಹಿಡಿಯಿತು. ವಿಡಿಯೋದವರು 48,000 ಹಿಡಿದರು. 1997ರಲ್ಲಿ ಇಂಟೆಲ್ ತಂದ ಎ.ಸಿ. 97 ಎಂಬ ಕಂಪ್ಯೂಟರ್ ಧ್ವನಿಯ ಮಾನದಂಡವೂ 48,000ದ ಸುತ್ತಲೇ ಕಟ್ಟಿದ್ದು. ಹೀಗಾಗಿ 48,000ದ ಸೌಂಡ್ ಕಾರ್ಡಿಗೆ ಸಿ.ಡಿ. ಹಾಡಿನ ಪ್ರತಿ 147 ಮಾದರಿಗಳಿಂದ 160 ಹೊಸವನ್ನು ಲೆಕ್ಕ ಹಾಕಿ ತೆಗೆಯಬೇಕು; ಇದೇ ರೀಸ್ಯಾಂಪ್ಲಿಂಗ್. ಒಂದೊಂದನ್ನೂ ನೆರೆಯ ಹಲವು ಮಾದರಿಗಳನ್ನು ಗುಣಿಸಿ, ಕೂಡಿಸಿ, ಸೋಸಿ ಪಡೆಯಬೇಕು. ಪ್ರೊಸೆಸರ್ ದುಡಿಯುವುದು ಈ ಸೋಸುವಿಕೆಗೆ.

‘ಟ್ರಿವಿಯಲ್’ ಸೋಸುವುದೇ ಇಲ್ಲ. ಪಕ್ಕದ ಮಾದರಿಯನ್ನು ಎತ್ತಿಟ್ಟು ಕೈತೊಳೆದುಕೊಳ್ಳುತ್ತದೆ. ಫಲವೇನು? 12,000 ಹರ್ಟ್ಸ್‌ನ ನಾದವೊಂದಿದ್ದರೆ, ಹಾಡಿನಲ್ಲಿ ಇಲ್ಲದ 15,900 ಹರ್ಟ್ಸ್‌ನ ಕಳ್ಳನಾದ ಹುಟ್ಟುತ್ತದೆ, ಅದೂ ಮೂಲದ ಮೂರನೇ ಒಂದು ಪಾಲಿಗಿಂತ ಜೋರಾಗಿ. ‘ಲೀನಿಯರ್’ನಲ್ಲಿ ಅದು ಸುಮಾರು ಏಳನೇ ಒಂದು ಪಾಲಿಗೆ ಇಳಿಯುತ್ತದೆ, ಸಾಯುವುದಿಲ್ಲ. ಭಾಗವತರ ಕಂಠಕ್ಕೆ ಇದರಿಂದ ಹೆಚ್ಚು ಹಾನಿಯಿಲ್ಲ. ಆದರೆ ಜಾಗಟೆ, ಚಕ್ರತಾಳದಂಥ ಲೋಹದ ಸದ್ದಿನ ಜೀವ ಇರುವುದೇ ಆ ಎತ್ತರದಲ್ಲಿ. ಅಲ್ಲಿ ಕಲಬೆರಕೆಯಾದರೆ ತಾಳ ತಗಡಾಗುತ್ತದೆ.

ಇನ್ನೊಂದು ತುದಿಯ ಹುಚ್ಚೂ ಇದೆ. ಕ್ಯಾಸೆಟ್ಟಿನ ಗೊರಗೊರ ಸದ್ದನ್ನು ಅಂಗೈಯಗಲದ ಸ್ಪೀಕರಿನಲ್ಲಿ ಕೇಳಲು ‘ಸಿಂಕ್ ಬೆಸ್ಟ್ ಕ್ವಾಲಿಟಿ’ ಎಂಬ ಅತಿ ಹೊರೆಯ ವಿಧಾನ ಹಾಕುವುದು ಬರೀ ಡಂಭ. ಪಲ್ಸ್‌ಆಡಿಯೋ ತಾನಾಗಿ ಆರಿಸುವ ‘ಸ್ಪೀಕ್ಸ್ ಫ್ಲೋಟ್ 1’ ಮನೆಗೆ ಸಾಕು. ‘ಸ್ಪೀಕ್ಸ್ ಫಿಕ್ಸ್ಡ್’ ಇರುವುದು ದಶಾಂಶದ ಲೆಕ್ಕ ಬಾರದ ಪುಟ್ಟ ಚಿಪ್‌ಗಳಿಗೆ. ಡೆಸ್ಕ್‌ಟಾಪಿನಲ್ಲಿ ಅದರಿಂದ ಗಳಿಸುವುದೇನೂ ಇಲ್ಲ.

ನಿಜವಾದ ಉಳಿತಾಯವೆಂದರೆ ಪರಿವರ್ತನೆಯನ್ನೇ ತಪ್ಪಿಸುವುದು. ಸೌಂಡ್ ಕಾರ್ಡಿಗೆ 44,100 ಬರುತ್ತದಾದರೆ ಹಾಡನ್ನು ಇದ್ದ ಹಾಗೇ ಕಳಿಸಿದರಾಯಿತು. 2012ರ ಪಲ್ಸ್‌ಆಡಿಯೋ 2.0 ಎರಡನೆಯ ದರಕ್ಕೆ ಅವಕಾಶ ಕೊಟ್ಟಿತು, 2017ರ 11.0 ‘ಅವಾಯ್ಡ್ ರೀಸ್ಯಾಂಪ್ಲಿಂಗ್’ ತಂದಿತು. ಒಳ್ಳೆಯ ಏರ್ಪಾಡು, ಕೊರತೆ ಒಂದೇ: ಸಾಧನ ಖಾಲಿ ಇದ್ದಾಗ ಮಾತ್ರ ದರ ಬದಲಾಗುತ್ತದೆ. ಬ್ರೌಸರಿನಲ್ಲಿ ವಿಡಿಯೋ ಓಡುತ್ತಿದ್ದರೆ ಹಾಡು ಅದರ ದರಕ್ಕೇ ಒಗ್ಗಬೇಕು. 2021ರಲ್ಲಿ ಲಿನಕ್ಸಿನ ಫೆಡೋರಾ 34ರೊಂದಿಗೆ ಪಲ್ಸ್‌ಆಡಿಯೋದ ಜಾಗಕ್ಕೆ ಮುಂಚೂಣಿಗೆ ಬಂದ ಪೈಪ್‌ವೈರ್ ಸಹ ಅನುಮತಿಸಿದ ದರಗಳ ಪಟ್ಟಿಯಲ್ಲಿ 48,000 ಒಂದನ್ನೇ ಇಟ್ಟುಕೊಂಡು ಬರುತ್ತದೆ. 44,100ನ್ನು ನಾವೇ ಸೇರಿಸಬೇಕು. ಇಷ್ಟು ಸಾಮಾನ್ಯವಾದ ದರವನ್ನು ಬಳಸುವವರ ತಲೆಗೆ ಕಟ್ಟಿದ್ದು ನನಗೆ ಸರಿಕಾಣುವುದಿಲ್ಲ.

ಕಾರ್ಡು 48,000ಕ್ಕೇ ಅಂಟಿಕೊಂಡಿದ್ದರೂ ದಾರಿಯಿದೆ. ಕ್ಯಾಸೆಟ್ಟನ್ನು ಮೊದಲೇ 48,000ದಲ್ಲಿ ಇಳಿಸಿಕೊಳ್ಳಿ, ಸಿ.ಡಿ.ಯದನ್ನು ಸಾಕ್ಸ್ ತಂತ್ರಾಂಶದಲ್ಲಿ ಉತ್ತಮ ಗುಣಮಟ್ಟದಲ್ಲಿ ಒಮ್ಮೆ ಪರಿವರ್ತಿಸಿ, ಮೂಲ ಕಡತವನ್ನೂ ಉಳಿಸಿಕೊಳ್ಳಿ. ಎಷ್ಟು ಸಲ ಕೇಳಿದರೂ ಆ ಲೆಕ್ಕ ಮತ್ತೆ ಮಾಡಬೇಕಿಲ್ಲ.