ದೇಹವಿರುವ ತನಕದ ಆತ್ಮ

ದೇಹವನ್ನು ಬಿಟ್ಟು ಆತ್ಮವಿಲ್ಲ ಎನ್ನುವ ಚಾರ್ವಾಕ ದರ್ಶನ ಎಂದೊಡನೆ ನಮ್ಮಲ್ಲಿ ಸಾಲ ಮಾಡಿಯಾದರೂ ತುಪ್ಪ ಕುಡಿ ಎಂಬ ಶ್ಲೋಕದ ಮಾತು ಬರುತ್ತದೆ. ಬೈಯುವವರಿಗೂ ಅದೇ ಬೇಕು, ಹೊಗಳುವವರಿಗೂ ಅದೇ ಸಾಕು. ಆ ಶ್ಲೋಕದ ಕಥೆಯೇ ವಿಚಿತ್ರ. 14ನೆಯ ಶತಮಾನದ, ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ ಚಾರ್ವಾಕದಿಂದಲೇ ಶುರುವಾಗುತ್ತದೆ. ಅಧ್ಯಾಯದ ಮೊದಲಿಗೆ ಆ ಶ್ಲೋಕ ಬಂದಾಗ ಅದರಲ್ಲಿ ಸಾಲವೂ ಇಲ್ಲ, ತುಪ್ಪವೂ ಇಲ್ಲ. ಸಾವಿನಿಂದ ಯಾರೂ ತಪ್ಪಿಸಿಕೊಳ್ಳಲಾರರು ಎಂಬರ್ಥದ ಮಾತಿದೆ. ಅಧ್ಯಾಯ ಮುಗಿಯುವ ಹೊತ್ತಿಗೆ ಅದೇ ಶ್ಲೋಕ ಸಾಲ ಮಾಡಿ ತುಪ್ಪ ಕುಡಿಯತೊಡಗಿರುತ್ತದೆ! ಒಂದೇ ಪುಸ್ತಕದ ಕೆಲವೇ ಪುಟಗಳಲ್ಲಿ ಒಂದು ದರ್ಶನ ಹೇಗೆ ಗೇಲಿಯ ವಸ್ತುವಾಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಚಾರ್ವಾಕರ ಸೂತ್ರಗಳು ಇಡಿಯಾಗಿ ಉಳಿದಿಲ್ಲ. ಖಂಡಿಸಿದವರ ಗ್ರಂಥಗಳಿಂದಲೇ ಅವನ್ನು ಹೆಕ್ಕಿಕೊಳ್ಳಬೇಕು. 1940ರಲ್ಲಿ ಬರೋಡದಿಂದ ಅಚ್ಚಾದ ಜಯರಾಶಿಭಟ್ಟನ ‘ತತ್ತ್ವೋಪಪ್ಲವಸಿಂಹ’ವನ್ನು ಕೆಲವರು ಈ ಪಂಥಕ್ಕೆ ಸೇರಿಸುತ್ತಾರೆ. ಆದರೆ ಆತ ಎಲ್ಲ ಪ್ರಮಾಣಗಳನ್ನೂ ಕೆಡವುತ್ತಾನೆ. ಚಾರ್ವಾಕರ ಪಂಚಪ್ರಾಣವಾದ ಪ್ರತ್ಯಕ್ಷವನ್ನೂ ಬಿಡುವುದಿಲ್ಲ. ದೇಹ–ಆತ್ಮದ ಜಗಳಕ್ಕೆ ಅವನಿಂದ ಹೆಚ್ಚು ಉಪಯೋಗವಿಲ್ಲ.

ಉಪಯೋಗವಿರುವುದು ಬೌದ್ಧರ ದೀಘನಿಕಾಯದಲ್ಲಿ ಬರುವ ಪಾಯಾಸಿಯಿಂದ. ಕೋಸಲದ ಸೇತವ್ಯದಲ್ಲಿದ್ದ ಈ ರಾಜನ್ಯನಿಗೆ ಪರಲೋಕದಲ್ಲಿ ನಂಬಿಕೆಯಿಲ್ಲ, ಆದರೆ ಬರೀ ಬಾಯಿಮಾತಿನಲ್ಲಿ ಅಲ್ಲಗಳೆಯುವವನೂ ಅಲ್ಲ. ಸಾಯಲಿದ್ದ ನೆಂಟರಿಗೆ, ಅಲ್ಲಿ ಏನಿದೆಯೋ ಬಂದು ಹೇಳಿ ಎನ್ನುತ್ತಾನೆ, ಒಬ್ಬರೂ ಬರುವುದಿಲ್ಲ. ಕಳ್ಳನೊಬ್ಬನನ್ನು ಜೀವಂತ ಹಂಡೆಗಿಳಿಸಿ, ಬಾಯಿಗೆ ಹಸಿ ಚರ್ಮ ಬಿಗಿದು, ಮೇಲೆ ಮಣ್ಣು ಮೆತ್ತಿ ಒಲೆಗೇರಿಸುತ್ತಾನೆ. ಸತ್ತ ಮೇಲೆ ಮೆಲ್ಲಗೆ ಮುಚ್ಚಳ ತೆಗೆದು, ಜೀವ ಹೊರಗೆ ಹಾರುತ್ತದೆಯೇ ಎಂದು ಇಣುಕುತ್ತಾನೆ. ಇನ್ನೊಬ್ಬನನ್ನು ತೂಗಿ, ಕೊಂದು, ಮತ್ತೆ ತೂಗುತ್ತಾನೆ. ಹೆಣ ಹಗುರವಾಗುವ ಬದಲು ಭಾರವಾಗಿದೆ. ಇದು ಪ್ರಯೋಗವೋ ಕ್ರೌರ್ಯವೋ ಎಂದರೆ ಎರಡೂ ಹೌದು. ಬೌದ್ಧ ಭಿಕ್ಷು ಕುಮಾರ ಕಸ್ಸಪ ಇದಕ್ಕೆಲ್ಲ ಉಪಮೆಗಳಿಂದ ಉತ್ತರಿಸುತ್ತಾನೆ: ಕಾದ ಕಬ್ಬಿಣ ತಣಿದ ಕಬ್ಬಿಣಕ್ಕಿಂತ ಹಗುರ, ಅರಣಿಯನ್ನು ಚೂರುಚೂರು ಮಾಡಿದರೆ ಒಳಗೆ ಬೆಂಕಿ ಸಿಗದು. ಕಬ್ಬಿಣದ ಉಪಮೆ ನನಗೆ ತಿರುಗುಬಾಣದಂತೆ ಕಾಣುತ್ತದೆ. ಶಾಖ ಕಬ್ಬಿಣವನ್ನು ಬಿಟ್ಟು ತಾನೊಂದೇ ಎಲ್ಲಿಯೂ ನಿಲ್ಲುವುದಿಲ್ಲವಲ್ಲ!

ಕನ್ನಡದಲ್ಲಿ ಈ ವಾದ ಬಹಳ ಬೇಗ ಬಂತು. 941ರಲ್ಲಿ ಪಂಪ ರಚಿಸಿದ ‘ಆದಿಪುರಾಣ’ದಲ್ಲಿ, ಅದಕ್ಕೆ ಆಕರವಾದ ಜಿನಸೇನರ ಸಂಸ್ಕೃತ ಪುರಾಣದಲ್ಲಿರುವಂತೆಯೇ, ಅರಸ ಮಹಾಬಳನ ಆಸ್ಥಾನದ ಮಂತ್ರಿ ಮಹಾಮತಿ ಮಣ್ಣು, ನೀರು ಮೊದಲಾದ ಭೂತಗಳಿಂದಲೇ ಚೈತನ್ಯ ಎಂಬ ಭೂತವಾದವನ್ನು ಮಂಡಿಸುತ್ತಾನೆ. ಇನ್ನೊಬ್ಬ ಮಂತ್ರಿ ಸ್ವಯಂಬುದ್ಧ ಅದನ್ನು ಮುರಿಯುತ್ತಾನೆ, ಮುರಿದು ಸುಮ್ಮನಿರುವುದಿಲ್ಲ. ದುರ್ಗತಿಗೆ ಬಿದ್ದ ಪೂರ್ವಜರ ಕಥೆ ಹೇಳಿ ಅರಸನ ಎದೆಯಲ್ಲಿ ನಡುಕ ಹುಟ್ಟಿಸುತ್ತಾನೆ. ಕಾವ್ಯಕ್ಕೆ ಇದು ಲಾಭ, ತರ್ಕಕ್ಕಲ್ಲ. ಆತ್ಮ ಇಲ್ಲವೆಂದರೆ ಜನ ಕೆಡುತ್ತಾರೆ ಎಂಬುದು ಆತ್ಮ ಇದೆ ಎನ್ನಲು ಕಾರಣವಾಗದು.

ಚಾರ್ವಾಕರ ಹೆಸರುವಾಸಿ ದೃಷ್ಟಾಂತ ತಾಂಬೂಲದ್ದು. ಎಲೆ, ಅಡಿಕೆ, ಸುಣ್ಣ ಯಾವುದರಲ್ಲೂ ಇಲ್ಲದ ಕೆಂಪು ಮೂರೂ ಸೇರಿದಾಗ ಬರುತ್ತದೆ. ಹಾಗೆಯೇ ಮಣ್ಣು, ನೀರು, ಬೆಂಕಿ, ಗಾಳಿ ಸೇರಿದಾಗ ಚೈತನ್ಯ. ಕೇಳಲು ಚೆನ್ನ. ಆದರೆ ತಾಂಬೂಲದ ಕೆಂಪನ್ನು ಎದುರಿಗಿದ್ದವನೂ ನೋಡುತ್ತಾನೆ. ನನ್ನ ಹಲ್ಲುನೋವು ಎದುರಿಗಿದ್ದವನಿಗೆ ಹಾಗೆ ಕಾಣದು. ಕಾಣುವ ಗುಣವನ್ನು ತೋರಿಸಿ, ಕಾಣುವವನು ಹುಟ್ಟಿದ್ದು ಹೀಗೆ ಎಂದರೆ ಮುಖ್ಯ ಪ್ರಶ್ನೆಯೇ ಜಾರಿಹೋಯಿತು. ಶಂಕರರು ಬ್ರಹ್ಮಸೂತ್ರಭಾಷ್ಯದ ಮೂರನೆಯ ಅಧ್ಯಾಯದಲ್ಲಿ ಒತ್ತಿದ್ದು ಈ ನೋಯುವ ಜಾಗವನ್ನೇ. ದೀಪವಿದ್ದರೆ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗೆಂದು ಕಾಣುವುದು ದೀಪದ ಗುಣವಲ್ಲ. ದೇಹವೂ ಬರಿಯ ಉಪಕರಣವಾಗಿರಬಹುದು. ಆಗಿರಬಹುದು ಎಂಬುದಷ್ಟೇ ಇಲ್ಲಿ ಸಿದ್ಧವಾಗುತ್ತದೆ ಎಂಬುದೂ ನಿಜ.

ಇದಕ್ಕಿಂತ ಬಿಗಿಯಾದದ್ದು ನೈಯಾಯಿಕರ ನೆನಪಿನ ವಾದ. ಬಾಲ್ಯದ ದೇಹ ಬೇರೆ, ಈಗಿನದು ಬೇರೆ. ದೇಹವೇ ಆತ್ಮವಾದರೆ ಅಂದು ಕಂಡದ್ದನ್ನು ಇಂದು ನೆನೆಯುವವರು ಯಾರು? ಹಳೆಯ ದೇಹದ ಸಂಸ್ಕಾರ ಹೊಸದಕ್ಕೆ ಇಳಿಯುತ್ತದೆ ಎಂದರೆ ಅವರಲ್ಲೊಬ್ಬನಾದ ಉದಯನ ಬಿಡುವುದಿಲ್ಲ: ಹಾಗಾದರೆ ತಾಯಿ ಕಂಡದ್ದನ್ನು ಗರ್ಭದ ಶಿಶು ನೆನೆಯಬೇಕಿತ್ತು.

ನೆನಪಿನ ವಾದದ ಪೆಟ್ಟಿಗೆ ಚಾರ್ವಾಕರಲ್ಲೇ ಕೆಲವರು ಉತ್ತರ ಕೊಟ್ಟಿದ್ದರು. 9ನೆಯ ಶತಮಾನದ ಕಾಶ್ಮೀರದ ನೈಯಾಯಿಕ ಜಯಂತಭಟ್ಟ ‘ನ್ಯಾಯಮಂಜರಿ’ಯಲ್ಲಿ ಧೂರ್ತ ಚಾರ್ವಾಕರಲ್ಲದೆ ‘ಸುಶಿಕ್ಷಿತ’ ಚಾರ್ವಾಕರನ್ನೂ ಹೆಸರಿಸುತ್ತಾನೆ; ಆ ಮಾತಿನಲ್ಲಿ ವ್ಯಂಗ್ಯವೂ ಇರಬಹುದು. ಅವರ ನಿಲುವು ಇದು: ದೇಹವಿರುವ ತನಕ ನೆನಪುಗಳನ್ನು ಜೋಡಿಸುವ ಒಬ್ಬ ಅರಿಯುವವ ಇರಲಿ, ನಮ್ಮ ಅಡ್ಡಿಯಿಲ್ಲ, ದೇಹ ಹೋದ ಮೇಲೂ ಅವನಿದ್ದಾನೆ ಎನ್ನಲು ಪ್ರಮಾಣವೇನು? ಇನ್ನೊಂದು ದೇಹಕ್ಕೆ ಹೋಗುವವನಾಗಿದ್ದರೆ, ಬಾಲ್ಯ ನೆನಪಿರುವಂತೆ ಹಿಂದಿನ ಜನ್ಮವೂ ನೆನಪಿರಬೇಕಿತ್ತು.

ಇಡೀ ಜಗಳದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ನಿಲುವು. ನೆನಪಿನ ವಾದ ಬೇಡುವುದು ಒಂದು ಜೀವಮಾನದ ಏಕತೆಯನ್ನು ಮಾತ್ರ. ಅದರಿಂದ ನಿತ್ಯತ್ವಕ್ಕೆ ನೆಗೆಯುವಾಗ ಸೇತುವೆ ಬೇಕು. ಜಯಂತ ಕಟ್ಟುವ ಸೇತುವೆ ಇಷ್ಟು: ಅಂಥವನೊಬ್ಬನನ್ನು ಒಪ್ಪಿದ ಮೇಲೆ ಅವನ ನಾಶಕ್ಕೆ ಕಾರಣ ಸಿಗುವುದಿಲ್ಲ, ಆದ್ದರಿಂದ ಅವನು ನಿತ್ಯ. ದೇಹದ ನಾಶವೇ ಕಾರಣವೆಂದು ಎದುರಾಳಿ ಹೇಳುತ್ತಿರುವಾಗ ಇದು ಉತ್ತರವಾಗದು. ನ್ಯಾಯಸೂತ್ರ ಹಿಂದಿನ ಜನ್ಮಕ್ಕೆ ಸಾಕ್ಷಿಯಾಗಿ ತರುವ ಎಳೆಗೂಸಿನ ಮೊಲೆಹಾಲಿನ ಆಸೆಯೂ ಈಗ ನಿಲ್ಲುವುದಿಲ್ಲ. ಹೀರುವುದು ಹುಟ್ಟಿನೊಂದಿಗೇ ಬರುವ ಪ್ರತಿವರ್ತನೆ. ಅದಕ್ಕೆ ಹಿಂದಿನ ಜನ್ಮದ ಅಭ್ಯಾಸ ಬೇಕಿಲ್ಲ.

ಸುಶಿಕ್ಷಿತರಿಗೂ ಒಂದು ಬಾಕಿಯಿದೆ. ಆ ಅರಿಯುವವ ದೇಹವೇ ಅಲ್ಲ, ದೇಹವನ್ನು ಬಿಟ್ಟೂ ಇಲ್ಲ ಎಂದರೆ ದೇಹಕ್ಕೂ ಅವನಿಗೂ ಇರುವ ನಂಟು ಯಾವುದು? ಅದನ್ನು ಅವರು ಬಿಡಿಸಿದ್ದರೋ ಏನೋ, ನಮಗೆ ಮುಟ್ಟಿರುವುದು ಜಯಂತ ಬೇಕೆಂದು ಉಳಿಸಿಕೊಂಡಷ್ಟೇ. ಇಂದಿನ ವಿಚಾರವಾದಿಗಳು ಚಾರ್ವಾಕನನ್ನು ಅಜ್ಜನೆಂದು ಕರೆದುಕೊಂಡು, ಪುರೋಹಿತರನ್ನು ಜರೆದ ನಾಲ್ಕು ಶ್ಲೋಕಗಳನ್ನೇ ಮತ್ತೆಮತ್ತೆ ಹೇಳುವಾಗ, ಈ ಬಾಕಿಯನ್ನು ತೀರಿಸಲು ಯಾರೂ ಕೈಹಾಕಿದ್ದು ಕಾಣುವುದಿಲ್ಲ.