ಮೋರೋಪಂತರ ‘ಕೇಕಾವಲಿ’: ದೂರಿನೊಳಗಿನ ಭರವಸೆ

ಬಾರಾಮತಿ ಎಂದೊಡನೆ ಇಂದು ಕಬ್ಬು, ಸಕ್ಕರೆ, ರಾಜಕಾರಣಗಳ ನೆನಪಾಗುವುದು ಸಹಜ. ಆದರೆ ಮರಾಠಿ ಕಾವ್ಯಾಸಕ್ತರಿಗೆ ಇದು ಮೋರೋಪಂತರ ಊರು. ೧೭೨೯ರಲ್ಲಿ ಪನ್ಹಾಳದಲ್ಲಿ ಜನಿಸಿದ ಈ ಪಂಡಿತಕವಿ, ಬಾರಾಮತಿಯ ನಾಯಕ ಮನೆತನದ ಆಶ್ರಯದಲ್ಲಿ ಪುರಾಣ ಹೇಳುತ್ತ, ಕಾವ್ಯ ಬರೆಯುತ್ತ ಬಾಳಿ ೧೭೯೪ರಲ್ಲಿ ತೀರಿಕೊಂಡರು. ಮಹಾಭಾರತವನ್ನು ಆರ್ಯಾ ವೃತ್ತದಲ್ಲಿ ಹಾಡಿದರು. ರಾಮಾಯಣವನ್ನು ಹತ್ತಾರು ಬಗೆಗಳಲ್ಲಿ ರಚಿಸಿದರು. ಆದರೂ ಜನಮನದಲ್ಲಿ ಉಳಿದದ್ದು ‘ಕೇಕಾವಲಿ’ ಎಂಬ ಚಿಕ್ಕ ಕೃತಿ.

ಕೇಕೆ ಎಂದರೆ ನವಿಲಿನ ಕೂಗು. ಕವಿ ತನ್ನನ್ನು ‘ಮಯೂರ’ನೆಂದು ಕರೆದುಕೊಂಡವನು, ದೇವರೇ ಅವನ ಮೋಡ. ೧೮೮೦ರ ದಶಕದಲ್ಲಿ ನೀರಾ ಎಡದಂಡೆ ಕಾಲುವೆ ಬರುವವರೆಗೆ ಈ ಒಣ ಸೀಮೆ ಮುಗಿಲನ್ನೇ ನಂಬಿಕೊಂಡಿತ್ತು. ಆದ್ದರಿಂದ ಈ ಉಪಮೆ ಇಲ್ಲಿ ಬರಿಯ ಅಲಂಕಾರವಲ್ಲ.

ಬಾಳೆಲ್ಲ ಪರರಿಗೆ ಭಗವಂತನ ಮಹಿಮೆಯನ್ನು ಬಣ್ಣಿಸಿದವನು ಇಲ್ಲಿ ತನ್ನ ಪಾಲನ್ನು ಕೇಳುತ್ತಾನೆ. ಗಜೇಂದ್ರನಿಗೆ, ದ್ರೌಪದಿಗೆ, ಅಜಾಮಿಳನಿಗೆ ಒದಗಿದ ಕರುಣೆ ನನ್ನ ಬಾಗಿಲಿಗೇಕೆ ಬಾರದು ಎಂಬುದೇ ಅವನ ವಾದದ ತಿರುಳು. ನಮ್ಮ ದಾಸರ ನಿಂದಾಸ್ತುತಿಗಳನ್ನು ಬಲ್ಲವರಿಗೆ ಈ ದನಿ ಹೊಸದಲ್ಲ. ಪುರಂದರದಾಸರ ಅಂಕಿತದಲ್ಲಿರುವ ವಿಠಲನನ್ನು ಕಾಣಲೆಂದೇ ತುಕಾರಾಮರ ಪಾಲಖಿ ಪ್ರತಿ ಆಷಾಢದಲ್ಲಿ ಬಾರಾಮತಿಯನ್ನು ಹಾದು ಪಂಢರಪುರಕ್ಕೆ ಸಾಗುತ್ತದೆ. ಕೀರ್ತನೆಯಾಗಲಿ ಅಭಂಗವಾಗಲಿ, ಎರಡರಲ್ಲಿಯೂ ದೇವರೊಡನೆ ಜಗಳಕ್ಕೆ ಎಡೆಯಿದೆ.

ಒಂದು ಆಕ್ಷೇಪವನ್ನು ಮಾತ್ರ ಎತ್ತಲೇಬೇಕು. ಪಾದಕ್ಕೆ ಹದಿನೇಳು ಅಕ್ಷರಗಳ ಪೃಥ್ವೀ ವೃತ್ತ, ಉದ್ದುದ್ದ ಸಂಸ್ಕೃತ ಸಮಾಸಗಳು, ಬಿಡದೆ ಬರುವ ಪ್ರಾಸಗಳು – ಅಳುವವನಿಗೆ ಇಷ್ಟೊಂದು ಶೃಂಗಾರವೇಕೆ? ತುಕಾರಾಮರ ಅಭಂಗ ಎದೆಗೆ ನೇರವಾಗಿ ನಾಟುತ್ತದೆ. ಪಂತರದು ಪಾಂಡಿತ್ಯದ ಬಾಗಿಲು ದಾಟಿ ಬರಬೇಕು. ಕೆಲವು ಪದ್ಯಗಳಲ್ಲಿ ಅದು ಬಾಗಿಲಲ್ಲೇ ನಿಂತುಬಿಡುತ್ತದೆ. ಉಳಿದೆಡೆ ಆ ಛಂದಸ್ಸಿನ ಕಟ್ಟೇ ನಡುಗುವ ದನಿಗೆ ಊರುಗೋಲಾಗಿದೆ.

ಕೃತಿಯ ಕೊನೆಯ ಭಾಗದಲ್ಲಿ ಸಜ್ಜನರ ಸಂಗವನ್ನೂ ಬುದ್ಧಿಯ ಕೊಳೆ ತೊಳೆಯುವುದನ್ನೂ ಬೇಡುವ ಒಂದು ಪದ್ಯವಿದೆ. ಮಹಾರಾಷ್ಟ್ರದಲ್ಲಿ ಅದು ಮಕ್ಕಳ ಬಾಯಲ್ಲಿ ಪ್ರಾರ್ಥನೆಯಾಗಿ ನೆಲೆನಿಂತಿದೆ. ನಮ್ಮ ಮನೆಯ ಮಕ್ಕಳೂ ಕಲಿತಿರಬಹುದು. ಬಿಡಿಯಾಗಿ ಓದಿದರೆ ಅದು ಸುಭಾಷಿತ. ಅದಕ್ಕೆ ಮುಂಚಿನ ಅಷ್ಟೊಂದು ದೂರುಗಳ ತರುವಾಯ ಓದಿದರೆ ಮಾತ್ರ ಅದರ ಬೆಲೆ ತಿಳಿಯುತ್ತದೆ: ಕೇಳಿ ಕೇಳಿ ಸೋತವನು ಇನ್ನೂ ಕೇಳುತ್ತಿದ್ದಾನೆ, ಆದರೆ ಈಗ ಕೇಳುವುದು ತಾನು ಕೆಡದಿರಲೆಂದು.

ನಿರಾಶೆಯ ಕಾಲದಲ್ಲಿ ‘ದೇವರಿದ್ದಾನೆ, ಸುಮ್ಮನಿರು’ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಕೇಕಾವಲಿ ಸುಮ್ಮನಿರಲು ಹೇಳುವುದಿಲ್ಲ. ನಂಬಿಕೆ ಪೂರ್ತಿ ಸತ್ತವನು ದೂರುವುದೂ ಇಲ್ಲ. ಕೇಳುವವನೊಬ್ಬನಿದ್ದಾನೆಂಬ ಭರವಸೆಯಿದ್ದಲ್ಲಿ ಮಾತ್ರ ದೂರು ಹುಟ್ಟುತ್ತದೆ. ಇಷ್ಟನ್ನು ಮನಗಾಣಿಸುವುದರಿಂದಲೇ ಈ ಕಾವ್ಯ ದೊಡ್ಡದು. ಮರಾಠಿ ಬಲ್ಲ ನಮ್ಮ ಮಕ್ಕಳ ಪಕ್ಕದಲ್ಲಿ, ದಾಸರ ಪದ ಬಲ್ಲ ನಾವು ಕುಳಿತು ಇದನ್ನು ಒಟ್ಟಿಗೆ ಓದಿದರೆ ಇಬ್ಬರಿಗೂ ಲಾಭವುಂಟು.